ಸಿದ್ದೀಕಾಳ ಕಾರಿಗೆ ತಣ್ಣನೆ ಗಾಳಿ

ಬಾನೆಟ್ ಎತ್ತಿ ಶುರು ಮಾಡಲೋ, ಕೀಲಿಯಿಂದ ಶುರು ಮಾಡಲೋ? ಬಾನೆಟ್ ಎತ್ತಿದರೆ ನಿಮ್ಮಲ್ಲಿ ಅರ್ಧ ಜನ ಎದ್ದು ಹೋಗುತ್ತೀರಿ. ಕೀಲಿಯೇ ಇರಲಿ. ಅದು ಮುದ್ದೇಬಿಹಾಳದ ಟೇಲರ್ ಸಿದ್ದೀಕಾಳ ಹತ್ತಿರ ಇದೆ. ಕಾರು ಆಕೆಯದೇ, ಹತ್ತು ವರ್ಷ ಹಳೆಯ ಪೆಟ್ರೋಲ್ ಗಾಡಿ. ಕೀಲಿಯ ಮೇಲೆ ಕಣ್ಣು ಮಾತ್ರ ಅಣ್ಣ ನಿಜಾಮುದ್ದೀನನದು. (ಆತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಬರೆಯುವುದು ಸಲೀಸಾಗುತ್ತಿತ್ತು.)

೧.

ಬೇಸಿಗೆಯಲ್ಲಿ ಕಾರು ಏದುಸಿರು ಬಿಡುತ್ತದೆ. ಹೊರಗಿನ ತಣ್ಣನೆ ಗಾಳಿಯನ್ನು ಇಂಜಿನ್ನಿಗೆ ಎಳೆದುಕೊಡುವ ಕೋಲ್ಡ್ ಏರ್ ಇನ್‌ಟೇಕ್, ಅಂದರೆ ಒಂದು ಪೈಪು, ಒಂದು ಫಿಲ್ಟರು, ಹಾಕಿಸಬೇಕೆಂದು ಸಿದ್ದೀಕಾ ಹಟ ಹಿಡಿದಿದ್ದಾಳೆ. ಇಷ್ಟು ಹಟಕ್ಕೆ ಘನವಾದ ಕಾರಣ ಬೇಡವೇ? ನೆರೆಮನೆಯ ಅಲ್ಮಾಸಳನ್ನು ತುಂಬು ಬಸುರಿ ಮಾಡಿ, ಆಸ್ಪತ್ರೆಗೆ ಕಾರು ಓಡಿಸುವ ದೃಶ್ಯ ಬರೆದೆ.

“ಅಲ್ಮಾಸಗ ಅಂಬ್ಯುಲೆನ್ಸ್ ಐತ್ರಿ,” ಎಂದಳು ಸಿದ್ದೀಕಾ, ಮಷೀನಿನಿಂದ ತಲೆ ಎತ್ತದೆ. “ನನಗ ಬೇಕಾಗೇತಿ, ಹಾಕಸ್ತೇನಿ. ಗಂಡಸರು ಬುಲೆಟ್ಟಿಗೆ ಸೈಲೆನ್ಸರ್ ಬದಲಿ ಮಾಡಿಸಿದ್ರ ಯಾರದರ ಬಾಣಂತನ ಕೇಳ್ತೀರೇನ?”

ಹರಿದು ಹಾಕಿದೆ.

೨.

ಗ್ಯಾರೇಜಿನ ಕಾಂತು ಎರಡು ನಮೂನೆ ಮುಂದಿಟ್ಟ. ಒಂದು ಬಾಯಿ ತೆರೆದ ಕೋನ್ ಫಿಲ್ಟರ್. ಇನ್ನೊಂದು ಮುಚ್ಚಿದ ಡಬ್ಬಿ, ಮುಂದಿನ ಬಂಪರಿನವರೆಗೂ ಪೈಪು.

“ಇಂಡಿ, ಸಿಂದಗಿ ಹುಡುಗೂರು ಇದನ್ನ ಒಯ್ತಾರ್ರಿ ಅಕ್ಕಾರ,” ಎಂದು ಕೋನ್ ತೋರಿಸಿದ. “ಸೌಂಡ್ ಭಾರಿ. ಆದ್ರ ಇಂಜಿನ್ನಿನ ಬಿಸಿ ಗಾಳೀನ ತಿರುಗಿ ಕುಡಿತೈತಿ. ನಮ್ಮ ಎರಿ ಹೊಲದ ಧೂಳು ಬ್ಯಾರೆ.”

ಕಥೆಗೆ ಸದ್ದು ಬೇಕಲ್ಲ, ಕೋನ್ ತಗೊಳ್ಳಿ ಎಂದೆ ನಾನು.

“ಸದ್ದು ನೀವ ಮಾಡಾಕತ್ತೀರಲ್ರಿ, ಸಾಕು,” ಎಂದು ಸಿದ್ದೀಕಾ ಮುಚ್ಚಿದ ಡಬ್ಬಿಯ ಮೇಲೆ ಕೈಯಿಟ್ಟಳು.

ಫಿಲ್ಟರಿನ ಬಟ್ಟೆಗೆ ಎಣ್ಣೆ ಸವರಿಯೇ ಬಂದಿದೆ, ಮೇಲೆ ಒಂದು ಹನಿಯೂ ಬೇಡ ಎಂದು ಕಾಂತು ಎರಡು ಸಲ ಹೇಳಿದ. ಪೈಪಿನ ಸೆನ್ಸರಿಗೆ ಎಣ್ಣೆ ಹತ್ತಿದರೆ ತೊಳೆಯಲು ಸ್ಪ್ರೇಯನ್ನೂ ಕೊಟ್ಟು, ಡಬ್ಬಿಯನ್ನು ಕಾರಿಗೆ ಕೂರಿಸಿದ.

೪.

(ಮೂರನೆಯದು ಇಲ್ಲ. ಅದರಲ್ಲಿ ಕಾಂತುವಿಗೂ ಸಿದ್ದೀಕಾಳಿಗೂ ಪ್ರೇಮ ಹಚ್ಚಿದ್ದೆ. ಇಬ್ಬರೂ ಕೂಡಿ ಬೈದರು.)

ನಿಜಾಮುದ್ದೀನ ಟ್ರ್ಯಾಕ್ಟರ್ ಇಟ್ಟವನು. ಕಂಪನಿ ಕೊಟ್ಟಿದ್ದನ್ನು ಬಿಚ್ಚುವವರನ್ನು ಕಂಡರೆ ಆಗದು. ಮರುದಿನ ಅಣ್ಣ ತಂಗಿ ಇದೇ ಕಾರಿನಲ್ಲಿ ಬಾಗೇವಾಡಿಗೆ ಹೋಗುವವರಿದ್ದರು. “ನಾಳೆ ಬಾಗೇವಾಡಿ ಮುಟ್ಟೂದ್ರಾಗ ಗಾಡಿ ನಿಂತ್ರ ಕೀಲಿ ನನ್ನ ಕೈಯಾಗ. ಆಮ್ಯಾಲೆ ನೀ ಸ್ಟೇರಿಂಗ್ ಮುಟ್ಟಂಗಿಲ್ಲ,” ಎಂದ.

“ಆತು,” ಎಂದಳು ಸಿದ್ದೀಕಾ.

೫.

ಅರ್ಧ ದಾರಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಕಾರು ನಾಲ್ಕು ಸಲ ಮುಗ್ಗರಿಸಿ ತೊಗರಿ ಹೊಲದ ಪಕ್ಕ ನಿಂತಿತು. ನಿಜಾಮುದ್ದೀನ ಕೈ ಚಾಚಿದ.

ಸಿದ್ದೀಕಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಳಿದು ಬಾನೆಟ್ ಎತ್ತಿದಳು. (ಇಲ್ಲಿವರೆಗೆ ಬಂದಿದ್ದೀರಿ, ಈಗ ಏಳಬೇಡಿ.) ಡಬ್ಬಿ ತೆರೆದರೆ ಫಿಲ್ಟರಿನಿಂದ ಎಣ್ಣೆ ಸೋರುತ್ತಿತ್ತು. ಪೈಪಿನೊಳಗೆ ಗಾಳಿ ಅಳೆಯುವ ಸೆನ್ಸರಿಗೂ ಎಣ್ಣೆ ಮೆತ್ತಿತ್ತು.

“ಭಾಯ್, ಇದಕ್ಕ ಎಣ್ಣಿ ಯಾರು ಹಾಕ್ಯಾರ?”

ನಿಜಾಮುದ್ದೀನ ತೊಗರಿಯ ಕಡೆ ನೋಡಿದ. “ಮುಂಜಾನೆ ನಾನ ಹಾಕೇನಿ. ಒಣಗಿದಂಗ ಕಂಡ್ತು. ಟ್ರ್ಯಾಕ್ಟರಿನ ಏರ್ ಕ್ಲೀನರಿಗೆ ಬಟ್ಟಲ ತುಂಬ ಹಾಕ್ತೇವಲ್ಲ, ಧೂಳು ಹಿಡೀಲಿ ಅಂತ. ದಾರ್ಯಾಗ ನೀ ನಿಲ್ಲಬಾರದು ಅಂತ ಹಾಕಿದ್ನಿ.”

ತಂಗಿ ಸೋಲಲಿ ಎಂದು ಪಣ ಕಟ್ಟಿದವನೇ, ತಂಗಿ ಸೋಲಬಾರದು ಎಂದು ಎಣ್ಣೆ ಸುರಿದಿದ್ದ. ನನ್ನ ಕಣ್ಣು ತುಂಬಿ, ತಕ್ಷಣ ಎರಡು ಮುಕ್ತಾಯ ಬರೆದೆ.

ಅ) ಅಣ್ಣ ಕ್ಷಮೆ ಕೇಳುತ್ತಾನೆ, ಇಬ್ಬರೂ ಅಳುತ್ತಾರೆ.

ಆ) ಕೊಟ್ಟ ಮಾತು ದೊಡ್ಡದೆಂದು ಆಕೆ ಕೀಲಿ ಕೊಡುತ್ತಾಳೆ.

ನಿಜಾಮುದ್ದೀನನಿಗೆ ಎರಡನೆಯದು ಹಿಡಿಸಿತು. ಚಾಚಿದ ಕೈ ಹಾಗೇ ಇತ್ತು. “ಏನರ ಆಗಲಿ, ಗಾಡಿ ನಿಂತೈತಲ್ಲ. ಮಾತು ಅಂದ್ರ ಮಾತು.”

“ಗಾಡಿ ನಿಂತಿಲ್ಲ ಭಾಯ್. ನೀ ನಿಲ್ಸಿದಿ.”

ಆ ಕೈಯಲ್ಲಿ ಸಿದ್ದೀಕಾ ಎಣ್ಣೆ ಸೋರುವ ಫಿಲ್ಟರನ್ನೇ ಇಟ್ಟಳು. ಡಿಕ್ಕಿಯಿಂದ ಅಂಗಡಿಯ ಬಟ್ಟೆ ಚೂರುಗಳ ಗಂಟು ತಂದು ಪಕ್ಕಕ್ಕೆ ಹಾಕಿದಳು. “ಒರಸು. ಸೋರೂದು ಒಂದು ಹನಿ ಉಳೀಬಾರದು.”

ನಿಜಾಮುದ್ದೀನ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು ಒರೆಸತೊಡಗಿದ. ಗುರುತಿನವರ ಟ್ರ್ಯಾಕ್ಟರ್ ಒಂದು ಹಾರ್ನ್ ಹೊಡೆದು ಹೋಯಿತು. ಆಕೆ ಸೆನ್ಸರಿಗೆ ಸ್ಪ್ರೇ ಹೊಡೆದು, ಅದು ಆರುವ ತನಕ ಕಾದಳು. ಫಿಲ್ಟರ್ ಕೂರಿಸಿ, ಬಾನೆಟ್ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತಳು.

ಈಗ ಕಾರು ಚಾಲೂ ಆಗುತ್ತದೆಯೋ ಇಲ್ಲವೋ?

“ಅದನ್ನ ಬರೀಬ್ಯಾಡ್ರಿ,” ಎಂದಳು ಸಿದ್ದೀಕಾ. “ಚಾಲೂ ಆದ್ರ ಹೆಣ್ಮಕ್ಕಳು ಕಾರು ಇಟ್ಕೋಬಹುದು ಅಂತೀರಿ, ಆಗಲಿಲ್ಲಂದ್ರ ಇಟ್ಕೋಬಾರದು ಅಂತೀರಿ. ಆಗಲಿ, ಬಿಡಲಿ, ಗಾಡಿ ನಂದು.”

ಓದುಗರಿಗೆ ಏನು ಹೇಳಲಿ ಎಂದು ಬಗ್ಗಿ ಕೇಳಿದೆ.

ಆಕೆ ಕೀಲಿ ಹಾಕಿದಳು, ನನ್ನ ಮುಖ ನೋಡಿದಳು, ಕಿಟಕಿಯ ಗಾಜು ಏರಿಸಿದಳು.