ಒಣ ಎಲೆಯ ಸುರುಳಿ

ಮಗಳು ಪಿಎಚ್‌ಡಿ ಸಂಶೋಧನೆಗೆಂದು ಮಳೆಕಾಡಿನ ಹಕ್ಕಿಗಳ ಬೆನ್ನು ಹತ್ತಿ ಮೂರು ವರ್ಷವಾಗಿತ್ತು. ನೋಡಲು ಒಂದೇ ಅಚ್ಚಿನಂತಿದ್ದ ಮೂರು ಜಾತಿಯ ಪುಟ್ಟ ಕಂದು ಹಕ್ಕಿಗಳು. ಮೂರಕ್ಕೂ ಹುಳವೇ ಆಹಾರ. ಒಂದೇ ಕಾಡಿನಲ್ಲಿ ಇವು ಕಿತ್ತಾಡದೆ ಹೊಟ್ಟೆ ಹೊರೆಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಒಂದು ಜಾತಿ ನೆಲದ ಹತ್ತಿರವೇ ಮೇಯುತ್ತಿತ್ತು. ಉಳಿದೆರಡಕ್ಕೆ ಮಾತ್ರ ಅದೇ ಎತ್ತರ, ಅದೇ ಬಳ್ಳಿ, ಅದೇ ಹೊತ್ತು. "ಆ ಎರಡರ ಸಹವಾಸ ಬಿಟ್ಬಿಡು" ಎಂದು ಗುರುಗಳೂ ಹೇಳಿಬಿಟ್ಟಿದ್ದರು.

ಆಗಲೇ ಅಮ್ಮ ಬಂದದ್ದು. ಮೂವತ್ತು ವರ್ಷದಿಂದ ಟೈಲರ್ ಆಗಿದ್ದವಳು ಅಂಗಡಿಗೆ ಬೀಗ ಹಾಕಿ ಒಂದು ವಾರ ಮಗಳ ಕಾಡಿನ ಶಿಬಿರದಲ್ಲಿರಲು ಬಂದಿದ್ದಳು. ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಎರಡನೆಯ ದಿನವೇ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡಳು. ನಾಲ್ಕನೆಯ ದಿನ ಬೆಳಿಗ್ಗೆ ಮಗಳ ತೋಳು ಜಗ್ಗಿದಳು.

"ಲೇ, ಇವೆರಡೂ ಒಂದೇ ಕೆಲಸ ಮಾಡ್ತಿಲ್ಲ ಕಣೇ."

"ಎರಡೂ ಎಲೇಲಿ ಹುಳ ಹುಡುಕ್ತಿವೆ ಅಮ್ಮ."

"ಯಾವ ಎಲೆ? ಇವನು ಹಸಿರೆಲೆ ಅಡಿಗೆ ಬಗ್ಗಿ ನೋಡ್ತಾನೆ. ಅವನು ಹಸಿರಿನ ಕಡೆ ತಿರುಗಿಯೂ ನೋಡಲ್ಲ. ಬಳ್ಳೀಲಿ ಸಿಕ್ಕಿಹಾಕ್ಕೊಂಡಿರೋ ಒಣಗಿದ ಎಲೆ ಇದೆಯಲ್ಲ, ಆ ಸುರುಳಿ ಒಳಗೇ ಕೊಕ್ಕು ತೂರಿಸ್ತಾನೆ. ಆಗಿಂದ ಹದಿನೇಳು ಸಲ ಎಣಿಸಿದೀನಿ."

ಮಗಳು ನೋಟ್‌ಬುಕ್ ತಿರುವಿದಳು. ಪುಟಪುಟದಲ್ಲೂ ಬರೀ 'ಎಲೆ'. ಒಣಗಿದ್ದೋ ಹಸಿಯೋ ಎಂದು ಒಮ್ಮೆಯೂ ಬರೆದಿರಲಿಲ್ಲ. ಮುಖ ಕೆಂಪೇರಿತು, ಆಮೇಲೆ ನಗು ತಡೆಯಲಾಗಲಿಲ್ಲ.

ಮುಂದಿನ ಒಂಬತ್ತು ತಿಂಗಳು ಎಲ್ಲವನ್ನೂ ಹೊಸದಾಗಿ ಬರೆದಳು. ತೂಗುವ ಒಣ ಎಲೆಗಳನ್ನು ಚೀಲದಲ್ಲಿ ತಂದು ಒಂದೊಂದನ್ನೇ ಬಿಡಿಸಿದಳು. ಹಗಲಲ್ಲಿ ಅಡಗುವ ಜೇಡ, ಜಿರಲೆ, ಮಿಡತೆಗಳು ಒಳಗಿದ್ದವು. ಅಮ್ಮ ತೋರಿಸಿದ ಹಕ್ಕಿ ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಹೋಗುತ್ತಿತ್ತು.

ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. "ಇದು ನಿಮಗೆ ಹೇಗೆ ಹೊಳೀತು?" ಎಂದರು ಹಿರಿಯ ಪರೀಕ್ಷಕರು.

"ನನಗೆ ಹೊಳೀಲಿಲ್ಲ ಸರ್. ಕೊನೇ ಸಾಲಲ್ಲಿ ಕೂತಿದ್ದಾರಲ್ಲ, ಅವರು ನಮ್ಮಮ್ಮ, ಟೈಲರ್. ಮೊದಲು ನೋಡಿದ್ದು ಅವರು."

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಅಮ್ಮ ಎದ್ದು ನಿಂತಳು.

"ನಾನು ನೋಡಿದ್ದು ನಾಲ್ಕು ದಿನ ಸರ್. ಸಾವಿರಾರು ಎಲೆ ಬಿಡಿಸಿದ್ದು ಇವಳು. ಅಷ್ಟು ತಾಳ್ಮೆ ನಂಗೂ ಇಲ್ಲ."

ಚಪ್ಪಾಳೆ ನಿಲ್ಲುವವರೆಗೂ ಅವಳು ಕೂರಲಿಲ್ಲ.

ಹೊರಗೆ ಬಂದವಳೇ ತಂಗಿಗೆ ಫೋನ್ ಹಚ್ಚಿದಳು. "ನನ್ನ ಮಗಳು ಡಾಕ್ಟರ್ ಆದ್ಲು ಕಣೇ! ಇಲ್ಲ ಇಲ್ಲ, ನಿನ್ನ ಮಂಡಿನೋವಿಗೆ ಔಷಧಿ ಕೊಡೋ ಡಾಕ್ಟರಲ್ಲ. ಅದಕ್ಕಿಂತ ದೊಡ್ಡದು, ಸಾವಕಾಶ ಹೇಳ್ತೀನಿ, ಕೂತ್ಕೋ."