ಟಗರಿಗೆ ತಿನ್ನಿಸಿದ ಗುಳಿಗೆ, ಹಿಮ್ಮಡಿಗೆ ಕಟ್ಟಿದ ಬೆಳ್ಳಿ

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಜಾಲಿ ಮುಳ್ಳು ಚುಚ್ಚಿಸಿಕೊಳ್ಳದ ಕಾಲು ಇದ್ದರೆ ತೋರಿಸಿ ನೋಡೋಣ! ಕುರಿ ಕಾಯುವವರ ಕಾಲಂತೂ ಮುಳ್ಳಿಗೆ ನೆಂಟ. ಕಿತ್ತು ಬಿಸಾಡಿ, ಎರಡು ಹೆಜ್ಜೆ ಕುಂಟಿ, ಮತ್ತೆ ಕುರಿಯ ಹಿಂದೆ ನಡೆಯುವುದೇ ರೂಢಿ. ದುರುಗಣ್ಣನೂ ಹಾಗೇ ಮಾಡಿದ. ಆದರೆ ಈ ಸಲ ಮುಳ್ಳಿನ ಮೊನೆ ಹಿಮ್ಮಡಿಯೊಳಗೇ ಮುರಿದು ಉಳಿಯಿತು. ನಾಲ್ಕು ದಿನಕ್ಕೆ ಕಾಲು ಊದಿತು.

ದುರುಗಣ್ಣನಿಗೆ ಎಂಬತ್ತು ಕುರಿ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಹಡಗಲಿ ಕಡೆಯ ಗದ್ದೆಗಳಿಗೆ ನಡೆದೇ ಹೋಗುವವನು. ಕಾಲು ನಿಂತರೆ ಮಂದೆಯೂ ನಿಂತಂತೆ. ಅದಕ್ಕೇ ಊರಿನ ಆಶಾ ಕಾರ್ಯಕರ್ತೆ ರೇಣುಕಾ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮೊನೆ ತೆಗೆದು, ಏಳು ದಿನದ ಗುಳಿಗೆ ಕೊಟ್ಟು, ಒಂದೂ ಬಿಡಬೇಡಿ ಎಂದು ಹೇಳಿ ಕಳಿಸಿದರು.

ಮೂರನೇ ದಿನಕ್ಕೆ ನೋವು ಇಳಿಯಿತು. ದುರುಗಣ್ಣ ಗುಳಿಗೆ ನಿಲ್ಲಿಸಿದ. ಉಳಿದದ್ದನ್ನು ಏನು ಮಾಡಿದ ಗೊತ್ತೇ? ಅವನ ಮುದ್ದಿನ ಟಗರು ಕೆಮ್ಮುತ್ತಿತ್ತು. ಗುಳಿಗೆಗಳನ್ನೆಲ್ಲ ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ, ಅದಕ್ಕೆ ತಿನ್ನಿಸಿದ!

ಹೆಂಡತಿ ಕರಿಯಕ್ಕ ಹಣೆ ಚಚ್ಚಿಕೊಂಡಳು. "ಅದು ನಿನ್ನ ಕಾಲಿಗೆ ಕೊಟ್ಟಿದ್ದು, ಟಗರಿಗಲ್ಲ."

"ಲೇ, ನನಗ ನೋವು ಹೋಗೈತಿ, ಅದಕ್ಕ ಕೆಮ್ಮು ಐತಿ. ಔಷಧ ಬಿಸಾಕಾಕ ಆಗತೈತೇನು?"

ಹತ್ತು ದಿನ ಕಳೆಯುವುದರೊಳಗೆ ಹಿಮ್ಮಡಿ ಮತ್ತೆ ಊದಿತು. ಈ ಸಲ ಯಾರಿಗೂ ಹೇಳಲಿಲ್ಲ. ಕುರಿಯವರ ಹೆಗಲಚೀಲದಲ್ಲಿ ಕುರಿಯ ಔಷಧ ಯಾವಾಗಲೂ ಇರುತ್ತದಲ್ಲ, ಅದೇ ಪುಡಿ ಉದುರಿಸಿಕೊಂಡ, ಅದೇ ಸೂಜಿ ಚುಚ್ಚಿಕೊಂಡ. ಕರಿಯಕ್ಕ ಕೇಳಿದರೆ, "ಕುರಿ ಎದ್ದು ಓಡ್ಯಾಡತಾವು. ನಾನು ಕುರಿಗಿಂತ ಕಡಿಮೇನು?" ಎಂದು ನಕ್ಕ. ಹೀಗೆ ಒಂದು ದಿನ ಹಾಕುವುದು, ಎರಡು ದಿನ ಬಿಡುವುದು ನಡೆಯಿತು. ಕೊನೆಗೆ ಹುಣ್ಣು ಕೀವು ಕಟ್ಟಿ, ನಾತ ಬಂದು, ಕಾಲು ನೆಲಕ್ಕಿಡಲು ಬಾರದಂತಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿಕೊಳ್ಳುವುದು ಅಂದರೆ ಇದೇ.

ರೇಣುಕಾ ನೋಡಿದವಳೇ ಬೈದಳು. "ಮಾವ, ನಿನಗ ಬುದ್ಧಿ ಐತೇನು? ಇದರ ನಾತ ಬೀದಿಗೆ ಬರತೈತಿ. ನಡಿ, ದೊಡ್ಡಾಸ್ಪತ್ರಿಗೆ."

ದೊಡ್ಡಾಸ್ಪತ್ರೆಯ ಡಾಕ್ಟರ್ ಸೋಮಶೇಖರ್ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಿದರು, ಇರಲಿಲ್ಲ. ಎಲುಬಿನ ಫೋಟೋ ತೆಗೆಸಿದರು. ಕೊಳೆತ ಚರ್ಮ ತೆಗೆದು ತೊಳೆದು, ಒಂದಿಷ್ಟು ಕೀವನ್ನು ಪರೀಕ್ಷೆಗೆ ಕಳಿಸಿದರು. ಮೂರು ದಿನದ ಮೇಲೆ ವರದಿ ಹಿಡಿದುಕೊಂಡು ಬಂದಾಗ ಅವರ ಹುಬ್ಬು ಗಂಟಿಕ್ಕಿತ್ತು.

"ಯಜಮಾನ್ರೆ, ನಿಮ್ಮ ಹುಣ್ಣಿನೊಳಗಿನ ರೋಗಾಣು ಹತ್ತು ಔಷಧದಾಗ ಎಂಟಕ್ಕ ಬಗ್ಗಂಗಿಲ್ಲ. ಎರಡೇ ಉಳದಾವು. ಸದ್ಯ ಎಲುಬಿಗೆ ಮುಟ್ಟಿಲ್ಲ. ಮುಟ್ಟಿದ್ರ ಪಾದ ತೆಗೀಬೇಕಾಗತೈತಿ."

ಕರಿಯಕ್ಕ ಅಲ್ಲೇ ಕುಸಿದು ಕೂತಳು. "ಯವ್ವಾ ದುರುಗಮ್ಮಾ, ಪಾದ ಉಳಿಸು, ಬೆಳ್ಳಿ ಪಾದ ಮಾಡಿಸಿ ಒಪ್ಪಿಸ್ತೀನಿ" ಎಂದು ಹರಕೆ ಹೊತ್ತಳು.

ದುರುಗಣ್ಣ ಡಾಕ್ಟರ ಕಡೆ ತಿರುಗಿದ. "ಔಷಧಕ್ಕ ಬಗ್ಗಂಗಿಲ್ಲ ಅಂದ್ರೇನ್ರೀ? ಮೊದಲು ಬಗ್ಗಿತ್ತಲ್ಲ?"

ರೇಣುಕಾ ಹೇಳಿದಳು: "ಮಾವ, ತೋಳನ ಬಲೆಗೆ ಕೆಡವಿ ಅರ್ಧಕ್ಕ ಬಿಟ್ರ ಏನಾಗತೈತಿ?"

"ತಪ್ಪಿಸ್ಕೊಂತೈತಿ. ಆಮ್ಯಾಲೆ ಆ ಬಲೆ ಕಡಿಗೆ ತಿರುಗಿ ನೋಡಂಗಿಲ್ಲ."

"ಹಂಗ ಇದು. ಏಳು ದಿನದ ಗುಳಿಗಿ ಮೂರು ದಿನಕ್ಕ ಬಿಟ್ಟಿ. ಸೊರಗಿದ ರೋಗಾಣು ಸತ್ತವು, ಗಟ್ಟಿ ಇದ್ದಿದ್ದು ಉಳಕೊಂಡವು. ಆಮ್ಯಾಲೆ ಕುರಿ ಔಷಧ ಅಷ್ಟಷ್ಟ ಹಾಕಿ ಅವಕ್ಕ ಪಾಠ ಕಲಿಸಿದಿ. ಔಷಧ ತಾಳೋ ರೋಗಾಣುನ ನೀನ ಸಾಕಿದಿ."

ದುರುಗಣ್ಣ ತಲೆ ತಗ್ಗಿಸಿದ. ಎಂಬತ್ತು ಕುರಿ ಸಾಕಿದ ಕೈ, ಇದನ್ನೂ ಸಾಕಿತ್ತು. ಪಾಪ, ಅವನ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ನೋಡಿದರು.

ಡಾಕ್ಟರ್ ಧೈರ್ಯ ಹೇಳಿದರು. "ಹಾದಿ ಐತ್ರಿ. ಉಳಿದ ಎರಡರಾಗ ಒಂದು ಔಷಧ ಸೂಜಿ ಮೂಲಕ ಕೊಡ್ತೀನಿ. ಹುಣ್ಣಿನ ಮ್ಯಾಲೆ ನ್ಯಾನೋ ಬೆಳ್ಳಿ ಪಟ್ಟಿ ಕಟ್ತೀವಿ."

"ಬೆಳ್ಳಿನಾ?" ದುರುಗಣ್ಣ ಗಾಬರಿಯಾದ. "ಬ್ಯಾಡ್ರೀ! ಈಗಿನ್ನ ಇಕಿ ಅಮ್ಮನಿಗೆ ಬೆಳ್ಳಿ ಬೇಡಿಕೊಂಡಾಳ. ದೇವರಿಗೆ ಸಲ್ಲೋದಕ್ಕಿಂತ ಮೊದಲು ಕೀವಿನ ಕಾಲಿಗೆ ಬೆಳ್ಳಿ ಕಟ್ಟಿಸ್ಕೊಂಡ್ರ ಅಮ್ಮ ಬಿಟ್ಟಾಳೇನು?"

ಉತ್ತರ ಕೊಟ್ಟವಳು ಕರಿಯಕ್ಕ. ನೆಲದಿಂದ ಎದ್ದವಳೇ ತನ್ನ ಕಾಲು ಮುಂದೆ ಚಾಚಿದಳು.

"ಇದೇನು? ಕಾಲುಂಗರ. ಯಾತರದ್ದು? ಬೆಳ್ಳಿದು. ಮದುವಿ ದಿನ ಅಮ್ಮನ ಮುಂದ ನೀನ ತೊಡಿಸಿದ್ದಲ್ಲ? ಮೂವತ್ತು ವರ್ಷ ಕೆಸರಾಗ, ಕುರಿ ಹಿಕ್ಕಿ, ಸಗಣ್ಯಾಗ ತುಳದೀನಿ. ಅಮ್ಮ ಏನಾರ ಅಂದಾಳೇನು? ಕಟ್ರಿ ಸಾರ್ ನೀವು."

ದುರುಗಣ್ಣ ಸುಮ್ಮನಿರುವ ಗಿರಾಕಿಯೇ? ಮುಂಗೈಯ ಬೆಳ್ಳಿ ಕಡಗ ತೋರಿಸಿ, "ಹಂಗಾದ್ರ ಇದನ್ನ ತೇದು ಹಚ್ಚಿದ್ರ ಆತಲ್ಲ, ಆಸ್ಪತ್ರಿ ಪಟ್ಟಿ ಯಾಕ?" ಎಂದ.

"ಅದನ್ನಂತೂ ಮಾಡಬ್ಯಾಡ್ರಿ!" ಡಾಕ್ಟರ್ ಅವನ ಕೈ ಹಿಡಿದರು. "ತೇದ ಪುಡಿ ಒರಟು. ಅದರಾಗ ಬೇರೆ ಲೋಹ, ಕೊಳಿ ಎಲ್ಲ ಇರತಾವು, ಹುಣ್ಣು ಇನ್ನೂ ಕೆಡತೈತಿ. ನ್ಯಾನೋ ಅಂದ್ರ ಬಾಳ ಸಣ್ಣದು. ಒಂದು ತಲಿಗೂದಲಿನ ದಪ್ಪದಾಗ ಸಾವಿರ ಕಣ ಸಾಲು ನಿಲ್ಲಬಹುದು, ಅಷ್ಟು ಸಣ್ಣದು. ಪಟ್ಟಿಯಿಂದ ಬೆಳ್ಳಿ ಸ್ವಲ್ಪ ಸ್ವಲ್ಪನ ಹುಣ್ಣಿಗೆ ಇಳೀತೈತಿ. ರೋಗಾಣುವಿನ ಗ್ವಾಡಿ ಒಡೀತೈತಿ, ಒಳಗಿನ ಕೆಲಸಾನೂ ಕೆಡಸತೈತಿ."

ರೇಣುಕಾ ಕೂಡಿಸಿದಳು. "ಗುಳಿಗಿ ಒಂದು ದಿಕ್ಕಿನಿಂದ ಹೋಗತೈತಿ ಮಾವ. ಇದು ನಾಲ್ಕು ನಾಯಿ ನಾಲ್ಕು ದಿಕ್ಕಿನಿಂದ ತೋಳನ ಮುತ್ತಿದಂಗ. ತಪ್ಪಿಸ್ಕೊಳ್ಳೋದು ಕಷ್ಟ."

"ಕಷ್ಟ, ಆದ್ರ ಆಗದ ಮಾತಲ್ಲ" ಎಂದರು ಡಾಕ್ಟರ್. "ಬೇಕಾಬಿಟ್ಟಿ ಬಳಸಿದ್ರ ಬೆಳ್ಳಿಗೂ ಹೊಂದಿಕೊಳ್ಳೋ ರೋಗಾಣು ಹುಟ್ಟತಾವು. ಅದಕ್ಕ ನಾವು ಹೇಳಿದಷ್ಟು ದಿನ, ನಾವು ಹೇಳಿದಂಗ."

ದುರುಗಣ್ಣ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದ. ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ಬೇರೆ ಕಟ್ಟುತ್ತಿದ್ದರು. ಮೊದಲು ನಾತ ಹೋಯಿತು. ಆಮೇಲೆ ಕೀವು ನಿಂತಿತು. ಒಂದು ದಿನ ನರ್ಸಮ್ಮ, "ನೋಡಮ್ಮಾ, ಹೊಸ ಮಾಂಸ ಕೂಡಾಕತ್ತೈತಿ" ಎಂದು ತೋರಿಸಿದಾಗ ಕರಿಯಕ್ಕ ಆ ಕೆಂಪು ಹುಣ್ಣನ್ನು ಮಗುವಿನ ಮುಖ ನೋಡಿದಂತೆ ನೋಡಿದಳು. ಮನೆಗೆ ಕಳಿಸುವಾಗ ಸೂಜಿಯ ಬದಲು ಗುಳಿಗೆ ಕೊಟ್ಟರು. ಕಡೆಯ ಗುಳಿಗೆಯವರೆಗೂ ಅವಳೇ ಎದುರು ನಿಂತು ನುಂಗಿಸಿದಳು. ಟಗರನ್ನು ಪಶು ಆಸ್ಪತ್ರೆಗೆ ತೋರಿಸಿದರು, ಅದರ ಔಷಧ ಅದಕ್ಕೆ ಸಿಕ್ಕಿತು.

ಎರಡು ತಿಂಗಳಿಗೆ ಹಿಮ್ಮಡಿ ಮುಚ್ಚಿಕೊಂಡಿತು. ಪಾದ ಉಳಿಯಿತು. ಕರಿಯಕ್ಕ ದುರುಗಮ್ಮನಿಗೆ ಬೆಳ್ಳಿ ಪಾದ ಒಪ್ಪಿಸಿ ಹರಕೆ ತೀರಿಸಿದಳು.

ಮಂದೆ ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಗಾದಿಲಿಂಗ ಮೊಮ್ಮಗಳನ್ನು ಎತ್ತಿಕೊಂಡು ಬಂದ. ಅವಳ ಕುತ್ತಿಗೆಯಲ್ಲಿ ಕುರು ಎದ್ದಿತ್ತು.

"ದುರುಗಣ್ಣ, ಆಸ್ಪತ್ರಿಯವು ಗುಳಿಗಿ ಉಳದಿದ್ರ ಎಲ್ಡು ಕೊಡಪ್ಪ."

"ಒಂದೂ ಉಳದಿಲ್ಲ. ಉಳದಿದ್ರೂ ಕೊಡತಿದ್ದಿಲ್ಲ" ಎಂದ ದುರುಗಣ್ಣ. ಗಾದಿಲಿಂಗನಿಗೆ ಸಿಟ್ಟು ಬಂತು.

"ಎಲ್ಡು ಗುಳಿಗಿಗೆ ಇಷ್ಟು ಜಿಪುಣತನ ಏನಲೇ?"

ದುರುಗಣ್ಣ ಕೂಸನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ, ಚಪ್ಪಲಿ ಮೆಟ್ಟಿದ, ಎರಡು ಮೈಲಿ ದೂರದ ಆರೋಗ್ಯ ಕೇಂದ್ರಕ್ಕೆ ಹೊರಟೇಬಿಟ್ಟ. ಗಾದಿಲಿಂಗ ಏದುಸಿರು ಬಿಡುತ್ತಾ ಹಿಂದೆ ಓಡಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾವುದೋ ಡಬ್ಬಿಯಲ್ಲಿ ಅರ್ಧ ಉಳಿದ ಗುಳಿಗೆ ಇರಬಹುದು. ನುಂಗಬೇಡಿ, ನೆರೆಯವರಿಗೆ ಕೊಡಬೇಡಿ, ದನಕುರಿಗೂ ಹಾಕಬೇಡಿ. ಡಾಕ್ಟರ್ ಕೊಟ್ಟ ಔಷಧವನ್ನು ನೋವು ಹೋದರೂ ಅವರು ಹೇಳಿದಷ್ಟು ದಿನ ಮುಗಿಸಿ. ಹುಣ್ಣು ಮಾಯದಿದ್ದರೆ ಕೀವಿನ ಪರೀಕ್ಷೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಬೆಳ್ಳಿ ಪಟ್ಟಿಯಂಥ ಹೊಸ ಅಸ್ತ್ರಗಳು ಬಂದಿವೆ, ಇನ್ನೂ ಬರಲಿವೆ, ಆದರೆ ಅವು ಎಲ್ಲ ಹುಣ್ಣಿಗೂ ಬೇಕಿಲ್ಲ. ಸಂತೆಯಲ್ಲಿ ನ್ಯಾನೋ ಎಂದು ಕೂಗಿ ಮಾರುವುದನ್ನು ಕೊಳ್ಳಬೇಡಿ. ನಮಗಿರುವ ಔಷಧಗಳೇ ಕೆಲವು. ಅವನ್ನು ಇವತ್ತು ಹಾಳು ಮಾಡಿದರೆ ನಾಳೆ ಆ ಕೂಸಿನ ಕುರುವಿಗೆ ಕೊಡಲು ಏನೂ ಇರುವುದಿಲ್ಲ.