ಖುಷಿ ಕಾಣಲಿಲ್ಲವಂತೆ

ಯಾರೋ ಕಿತ್ತಳೆ ಸುಲಿಯುತ್ತಿದ್ದಾರೆ, ರೈಲಿನ ಡಬ್ಬಿಯೆಲ್ಲ ಅದರದೇ ವಾಸನೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಆ ಮೇಷ್ಟ್ರು ಮುಂದಿಟ್ಟ ಬನ್ನನ್ನೂ ಮುಟ್ಟಲಿಲ್ಲ — ಎಷ್ಟು ನಯವಾಗಿ ಮಾತಾಡಿದ, ಕೂತ್ಕೊಳ್ಳಿ ಶೋಭನಾ, ಪ್ರವೇಶ ಪರೀಕ್ಷೆಯಲ್ಲಿ ನಿಮ್ಮ ಮಗಳದೇ ಎಲ್ಲರಿಗಿಂತ ಹೆಚ್ಚು ಅಂಕ, ಆದರೆ ನಮ್ಮ ಹೈಸ್ಕೂಲಿನ ಗಣಿತ ವಿಶೇಷ ತರಗತಿಗೆ ಬರೀ ಅಂಕ ಸಾಲದು, ಸಂದರ್ಶನದಲ್ಲಿ ಚಾರ್ವಿಯ ಮುಖದಲ್ಲಿ ಖುಷಿ ಕಾಣಲಿಲ್ಲ, ನಿಮ್ಮಂಥವರ ಮನೆಗಳಲ್ಲಿ ಒತ್ತಡ ಜಾಸ್ತಿ ಅಂತ ನಮಗೆ ಗೊತ್ತು — ನಿಮ್ಮಂಥವರು ಅಂದರೆ ಯಾರಂಥವರು, ಚಾರ್ವಿ ಎರಡು ವರ್ಷದವಳಿದ್ದಾಗ ಸ್ವೀಡನ್ನಿಗೆ ಬಂದವಳು, ಇಲ್ಲಿನ ಶಿಶುವಿಹಾರ ದಾಗಿಸ್‌ನಲ್ಲೇ ಮಾತು ಕಲಿತವಳು, ನಾನು ಕನ್ನಡದಲ್ಲಿ ಕರೆದರೆ ಸ್ವೀಡಿಷ್‌ನಲ್ಲಿ ಓಗೊಡುವವಳು, ನಾನೇನು ಬೆತ್ತ ಹಿಡಿದು ಲೆಕ್ಕಕ್ಕೆ ಕೂರಿಸಿದ್ದೆನೇ, ಆ ಚಳಿಗಾಲ ಪಕ್ಕದ ಮನೆಯವರ ಕಾರಿನ ಮೇಲೆ ಬಿದ್ದ ಹಿಮದಲ್ಲಿ ಬೆರಳಿಂದ ಚುಕ್ಕಿ ಇಟ್ಟು, ಮಮ್ಮಾ ನೋಡು, ಒಂದು, ಮೂರು, ಐದು, ಹೀಗೆ ಸೇರಿಸ್ತಾ ಹೋದ್ರೆ ಯಾವಾಗ್ಲೂ ಚೌಕಾನೇ ಬರತ್ತೆ ಅಂತ ಕುಣಿದಳಲ್ಲ, ಮೂಗು ಕೆಂಪಗಾಗಿತ್ತು, ಒಳಗೆ ಬಾರೇ ಅಂತ ಗದರಿದವಳೇ ನಾನು — ಇಲ್ಲ, ಒಮ್ಮೊಮ್ಮೆ ಇನ್ನೊಂದು ಲೆಕ್ಕ ಮಾಡಿ ಮಲಗು ಅಂದದ್ದೂ ಉಂಟು, ಯಾವ ತಾಯಿ ಅನ್ನುವುದಿಲ್ಲ, ಇವಳ ಗೆಳತಿ ಟೂವಾಗೆ ಸೀಟು ಸಿಕ್ಕಿದೆ, ಅಂಕ ಇವಳಿಗಿಂತ ಕಡಿಮೆ, ಅವಳ ಅಮ್ಮನನ್ನೂ ಒತ್ತಡದ ಬಗ್ಗೆ ಕೇಳಿದಿರಾ ಅಂದೆ, ದನಿ ಏರಿತು, ದೂರು ಕೊಡ್ತೀನಿ ಅಂದೆ, ಅವನು ಬೇಸರದಿಂದ ತಲೆಯಾಡಿಸಿದ, ನೋಡಿ, ನಾವು ಹೇಳುತ್ತಿರುವುದು ಇದನ್ನೇ — ಸುಮ್ಮನಿದ್ದರೆ ಸೀಟಿಲ್ಲ, ಮಾತಾಡಿದರೆ ಅವನೇ ಸರಿ, ಫೋನಿನಲ್ಲಿ ಗಂಡ ರಾಜಗೋಪಾಲ ಬೇರೆ, ಬಿಡೇ, ಬೇರೆ ಸ್ಕೂಲ್ ಇದ್ಯಲ್ಲ, ಸಿಟಿಜನ್‌ಶಿಪ್ ಅಪ್ಲಿಕೇಶನ್ ಹಾಕಿರೋ ಟೈಮಲ್ಲಿ ಯಾಕೆ ಗಲಾಟೆ ಅಂತ, ಬಿಡಲ್ಲ ರೀ, ನಾಳೇನೇ ಬರೆದು ಕಳಿಸ್ತೀನಿ ಅಂದು ಕಟ್ ಮಾಡಿದೆ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮಗಳು ಏನಂದ್ರು ಅಂದಳು, ಸುಳ್ಳು ಹೇಳಲಾಗಲಿಲ್ಲ, ನಿನ್ನ ಮುಖದಲ್ಲಿ ಖುಷಿ ಕಾಣಲಿಲ್ವಂತೆ ಪುಟ್ಟಾ, ಅವಳು, ನಗಬೇಕಿತ್ತಾ, ನಾನು ಅವರು ಕೇಳಿದ ಲೆಕ್ಕ ಯೋಚಿಸ್ತಿದ್ದೆ ಅಂದಳು, ಈಗ ಎದುರು ಸೀಟಿನಲ್ಲಿ ಕೂತಿದ್ದಾಳೆ, ಓಡೆನ್‌ಪ್ಲಾನ್ ನಿಲ್ದಾಣ ದಾಟಿತು, ಸುರಂಗದ ಕತ್ತಲಿಗೆ ಕಿಟಕಿ ಕನ್ನಡಿಯಾಗಿದೆ, ಏನು ನೋಡುತ್ತಿದ್ದಾಳೆ ಅದರಲ್ಲಿ — ತುಟಿ ಅಗಲಿಸುತ್ತಾಳೆ, ಹಲ್ಲು ಕಾಣುತ್ತದೆ, ಮುಚ್ಚುತ್ತಾಳೆ, ಹುಬ್ಬು ಸ್ವಲ್ಪ ಮೇಲಕ್ಕೆ, ಮತ್ತೆ ಅಗಲಿಸುತ್ತಾಳೆ, ಸಾಕು ಚಾರ್ವಿ ಅನ್ನಬೇಕು, ಅನ್ನುವಷ್ಟರಲ್ಲಿ ರೈಲು ಬೆಳಕಿಗೆ ಬಂತು, ಗಾಜಿನಲ್ಲಿ ಈಗ ಮುಖವಿಲ್ಲ, ಸುಂಡ್‌ಬೀಬೆರಿಯ ಮನೆಗಳಷ್ಟೇ, ಆದರೂ ಅವಳ ತುಟಿ ಹಾಗೇ ಅಗಲವಾಗಿದೆ, ಹಲ್ಲು ಕಾಣುತ್ತಿದೆ, ಅಗಲವಾಗಿಯೇ ಇದೆ